ಕರೆಂಟ್ ಹೋದಾಗ ನಿಮ್ಮ ಮೀನು ಎಲ್ಲಿರುತ್ತದೆ?

ಮನೆಯಲ್ಲಿ ಮರೈನ್ ಟ್ಯಾಂಕ್, ಅಂದರೆ ಉಪ್ಪುನೀರಿನ ಮೀನಿನ ತೊಟ್ಟಿ, ಇಟ್ಟವರಿಂದ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಬಂತು ಅಂದರೆ ವಿಷಯ ಸಾಮಾನ್ಯವಾಗಿ ಒಂದೇ. "ಸಾರ್, ರಾತ್ರಿ ಮೀನು ಇತ್ತು, ಈಗ ಕಾಣ್ತಿಲ್ಲ. ಅನಿಮೋನ್ ತಿಂದುಬಿಡ್ತಾ?" ತಿಂದಿರಬಹುದು. ಅಲ್ಲಿಯವರೆಗೆ ಸರಿ. ಆದರೆ ಅದರ ಹಿಂದೆಯೇ ಬರುವ "ಈ ಅನಿಮೋನ್ ಸರಿಯಿಲ್ಲ, ಬೇರೆ ಕೊಡಿಸಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಅನಿಮೋನ್ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿಯಲ್ಲ. ಅದಕ್ಕೆ ಕಣ್ಣಿಲ್ಲ, ಮೆದುಳಿಲ್ಲ. ಕೆಳಗೆ ಅಂಟಿಕೊಳ್ಳುವ ಪಾದ, ಮೇಲೆ ಬಾಯಿ, ಬಾಯಿಯ ಸುತ್ತ ಬಳ್ಳಿಯಂಥ ಎಳೆಗಳು, ಇಷ್ಟೇ. ಆ ಎಳೆಗಳ ತುಂಬಾ ಕುಟುಕುವ ಕಣಗಳಿರುತ್ತವೆ. ಒಂದೊಂದರಲ್ಲೂ ಸುರುಳಿ ಸುತ್ತಿದ ವಿಷದ ದಾರ. ಮೀನು ತಾಗಿದರೆ ದಾರ ಸಿಡಿದು ಚುಚ್ಚುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆರೋಗ್ಯವಾಗಿರುವ, ಎಚ್ಚರವಾಗಿರುವ ಮೀನು ಅದರಿಂದ ದೂರವೇ ಇರುತ್ತದೆ. ಅದರ ಬಾಯಿಗೆ ಹೋಗುವುದು ಹೆಚ್ಚಾಗಿ ಹೆದರಿದ ಮೀನು, ಹುಷಾರಿಲ್ಲದ ಮೀನು, ರಾತ್ರಿ ಮಲಗಲು ಜಾಗ ಸಿಗದ ಮೀನು, ನಿನ್ನೆಯಷ್ಟೇ ಬಂದು ದಾರಿ ಗೊತ್ತಿಲ್ಲದ ಮೀನು. ಹಾಗಾಗಿ ಅನಿಮೋನ್ ಜೊತೆ ಮೀನು ಸಾಕುವುದು ಅಂದರೆ ಮುಖ್ಯವಾಗಿ ಮೀನಿನ ಗಾಬರಿಯನ್ನು ಸಂಭಾಳಿಸುವ ಕೆಲಸ.

ಬೆಂಗಳೂರಿನಲ್ಲಿ ಗಾಬರಿ ಹುಟ್ಟಿಸುವುದು ಯಾವುದು ಅಂತೀರಿ? ಕರೆಂಟ್. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದು ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿತ್ತು ಅಂದರೆ ಇಡೀ ಏರಿಯಾ ಕತ್ತಲು. ಮನೆಯವರಿಗೆ ಯುಪಿಎಸ್ ಇದೆ, ಫ್ಯಾನ್ ತಿರುಗುತ್ತದೆ, ಟಿವಿ ಓಡುತ್ತದೆ. ಟ್ಯಾಂಕಿನ ಪ್ಲಗ್ ಪಾಯಿಂಟ್ ಮಾತ್ರ ಯುಪಿಎಸ್ ಲೈನಿನಲ್ಲಿ ಇರುವುದೇ ಇಲ್ಲ. ಸಮುದ್ರದಲ್ಲಿ ಕತ್ತಲು ನಿಧಾನವಾಗಿ ಬರುತ್ತದೆ. ಮೀನು ಅಷ್ಟರಲ್ಲಿ ತನ್ನ ಗೂಡು ಸೇರಿಕೊಂಡಿರುತ್ತದೆ. ಇಲ್ಲಿ ಝಗಮಗ ಬೆಳಕಿನಿಂದ ಒಂದೇ ಕ್ಷಣಕ್ಕೆ ಗವ್ವೆನ್ನುವ ಕತ್ತಲು. ಮೀನು ಬೆಚ್ಚಿಬಿದ್ದು ದಿಕ್ಕು ತೋಚದೆ ನುಗ್ಗುತ್ತದೆ. ನಾಲ್ಕು ಅಡಿ ಟ್ಯಾಂಕಿನಲ್ಲಿ ನೆಲಹಾಸಿನಂತೆ ಚಪ್ಪಟೆಯಾಗಿರುವ ಕಾರ್ಪೆಟ್ ಅನಿಮೋನ್ ಒಂದೂವರೆ ಅಡಿ ಹರಡಿಕೊಂಡಿದ್ದರೆ, ನುಗ್ಗಿದ ಮೀನು ಬೀಳುವುದು ಎಲ್ಲಿಗೆ ಅಂತ ಬೇರೆ ಹೇಳಬೇಕಾ?

ಜೆ.ಪಿ. ನಗರದ ಒಂದು ಮನೆಯಲ್ಲಿ ಹೀಗೇ ಆಯಿತು. ಸಂಜೆ ಮಳೆ, ಕರೆಂಟ್ ಇಲ್ಲ, ಬೆಳಿಗ್ಗೆ ಹಳದಿ ಟ್ಯಾಂಗ್ ಮೀನು ನಾಪತ್ತೆ. ನಾನು ಹೋದಾಗ ಕಾರ್ಪೆಟ್ ಅನಿಮೋನ್ ಅಂಚು ಮಡಚಿಕೊಂಡು ಮುದ್ದೆಯಾಗಿ ಕೂತಿತ್ತು. ನಡುವಿನಲ್ಲಿ ಹಳದಿ ಬಾಲದ ತುದಿ, ಉಗುರಿನಷ್ಟು ಅಗಲ, ಇನ್ನೂ ಕಾಣುತ್ತಿತ್ತು. ಮನೆಯ ಯಜಮಾನರು ಇಕ್ಕಳ ಹಿಡಿದು ಎಳೆಯಲು ಹೊರಟಿದ್ದರು. "ಬಿಡಿ ಸಾರ್, ಮೀನಂತೂ ಹೋಯ್ತು, ಎಳೆದರೆ ಅನಿಮೋನ್ ಬಾಯಿಯೂ ಹರಿಯುತ್ತೆ" ಅಂದೆ. ಕೆಲವು ದಿನ ಬಿಟ್ಟು ಅದು ಕಂದು ಲೋಳೆ ಸುತ್ತಿದ ಮುಳ್ಳಿನ ಗಂಟೊಂದನ್ನು ಉಗುಳಿತು. ಅದನ್ನು ತಕ್ಷಣ ಬಲೆಯಲ್ಲಿ ತೆಗೆದು ಹಾಕಬೇಕು, ಇಲ್ಲದಿದ್ದರೆ ಕೊಳೆತು ನೀರು ಕೆಡುತ್ತದೆ.

ಪರಿಹಾರ ದುಬಾರಿಯದಲ್ಲ. ಒಂದು ಚಿಕ್ಕ ನೀಲಿ ಎಲ್‌ಇಡಿ ಮತ್ತು ಒಂದು ವೇವ್ ಮೇಕರ್ (ನೀರು ಅಲುಗಾಡಿಸುವ ಪಂಪು), ಇವೆರಡನ್ನು ಯುಪಿಎಸ್ ಲೈನಿಗೆ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆ ಕೆಲಸ. ಹೀಟರ್, ಚಿಲ್ಲರ್ ಅದಕ್ಕೆ ಹಾಕಬೇಡಿ, ಬ್ಯಾಟರಿ ಬೇಗ ಕೂರುತ್ತದೆ. ವೇವ್ ಮೇಕರ್ ಯಾಕೆ ಅಂದರೆ, ನೀರು ಅಲುಗಾಡದಿದ್ದರೆ ಆಕ್ಸಿಜನ್ ಇಳಿಯುತ್ತದೆ, ಮೀನು ಸುಸ್ತಾಗುತ್ತದೆ. ಸುಸ್ತಾದ ಮೀನು ಅನಿಮೋನ್ ಮೇಲೆ ಬೀಳುವುದೂ ಒಂದೇ, ಹೆದರಿದ ಮೀನು ಬೀಳುವುದೂ ಒಂದೇ. ಮಾಮೂಲಿ ದಿನಗಳಲ್ಲೂ ದೊಡ್ಡ ಲೈಟ್ ಪಟ್ ಅಂತ ಆರಿಸಬೇಡಿ. ಟೈಮರ್‌ನಲ್ಲಿ ಮೆಲ್ಲಗೆ ಇಳಿಯುವ ಹಾಗೆ ಇಡಿ.

ಇನ್ನು ಯಾವ ಅನಿಮೋನ್? ಅಂಗಡಿಯಲ್ಲಿ ಎಲ್ಲವೂ ಚಂದವೇ. ಕಾರ್ಪೆಟ್ ಜಾತಿಯವು ಎಲ್ಲಕ್ಕಿಂತ ಅಂಟು, ಎಲ್ಲಕ್ಕಿಂತ ಹಸಿವು. ಅದರಲ್ಲಿ ಹ್ಯಾಡೋನಿ ಅನ್ನುವ ಕಾರ್ಪೆಟ್ ಮರಳಿನಲ್ಲಿ ಪಾದ ಹೂತು ಕೂರುತ್ತದೆ, ಅರ್ಧ ಮೀಟರಿಗೂ ಮೀರಿ ಬೆಳೆಯುತ್ತದೆ. ಅದರ ಜೊತೆ ರಾತ್ರಿ ಮರಳಿನಲ್ಲಿ ಹುದುಗಿ ಮಲಗುವ ರಾಸ್ ಮೀನು ಬಿಟ್ಟರೆ, ಇಬ್ಬರಿಗೂ ಒಂದೇ ಹಾಸಿಗೆ ಕೊಟ್ಟ ಹಾಗೆ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಬಬಲ್ ಟಿಪ್ ಅನ್ನುವ ಜಾತಿ. ಅದೂ ಮೀನು ತಿನ್ನಬಲ್ಲದು, ಆದರೆ ಕುಟುಕು ಅಷ್ಟು ಜೋರಿಲ್ಲ, ಕಲ್ಲಿನ ಸಂದಿಯಲ್ಲಿ ಪಾದ ಊರಿ ಸಾಮಾನ್ಯವಾಗಿ ಒಂದು ಕಡೆ ಇರುತ್ತದೆ. ಟ್ಯಾಂಕ್ ಶುರು ಮಾಡಿದ ತಿಂಗಳಿಗೇ ತರಬೇಡಿ. ಆರು ತಿಂಗಳಾದರೂ ನೀರು ಹದಕ್ಕೆ ಬರಲಿ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಅಚ್ಚ ಬಿಳಿ ಅನಿಮೋನ್ ಅಪರೂಪದ ತಳಿ ಅಂತ ಜಾಸ್ತಿ ದುಡ್ಡಿಗೆ ಮಾರುವುದುಂಟು. ಅಂಥದ್ದು ಬಹುಪಾಲು ಕಾಯಿಲೆಯದೇ. ಈ ಅನಿಮೋನ್‌ಗಳ ಮೈಯೊಳಗೆ ಪಾಚಿಯಂಥ ಸೂಕ್ಷ್ಮ ಜೀವಿಗಳಿದ್ದು, ಬೆಳಕಿನಿಂದ ಊಟ ತಯಾರಿಸಿ ಕೊಡುತ್ತವೆ. ಅವು ಹೋದರೆ ಮೈ ಬಿಳಿಚುತ್ತದೆ. ಕಡು ಹಳದಿ, ಕಡು ನೀಲಿ ಕಂಡರೆ ಡೈ ಹಾಕಿದ್ದಾರಾ ಅಂತ ಅನುಮಾನಪಡಿ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಪಾದ ಹರಿದಿರಬಾರದು. ಅಂಗಡಿಯವರು ಚೂರು ಸೀಗಡಿ ಕೊಟ್ಟು ತೋರಿಸಲಿ. ಎಳೆ ಬಾಗಿ ಹಿಡಿದು ಬಾಯಿಗೆ ಒಯ್ಯಬೇಕು. ಸೀಗಡಿ ಜಾರಿ ಬಿದ್ದರೆ ನೀವು ಬರಿಗೈಯಲ್ಲಿ ಬನ್ನಿ, ಪರವಾಗಿಲ್ಲ. ಹವಳ ಅಂಟಿದ ಕಲ್ಲಿನ ಜೊತೆ ಕೊಡ್ತೀನಿ ಅಂದರೂ ಬೇಡ ಅನ್ನಿ. ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ.

ಮೀನಿನ ಆಯ್ಕೆಗೆ ಬಂದರೆ, ಮ್ಯಾಂಡರಿನ್‌ನಂತೆ ನೆಲದ ಮೇಲೆ ನಿಧಾನ ತೆವಳುವವು, ಮಲಗುವ ಜಾಗ ಹುಡುಕಿ ಅಲೆಯುವ ಸಣ್ಣ ಗೋಬಿಗಳು ಕಾರ್ಪೆಟ್ ಇರುವ ಕಡೆ ಬೇಡವೇ ಬೇಡ. ಕ್ಲೌನ್ ಮೀನು ಸರಿ, ಸಮುದ್ರದಲ್ಲಿ ಅದು ಅನಿಮೋನ್ ಒಳಗೇ ವಾಸಿಸುವ ಮೀನು. ಡಾಮಿನೊ ಡ್ಯಾಮ್ಸೆಲ್ ಕೂಡ ಮರಿಯಾಗಿದ್ದಾಗ ಅನಿಮೋನ್ ಒಳಗೇ ಇರುತ್ತದೆ, ಆದರೆ ಬೆಳೆದ ಮೇಲೆ ಟ್ಯಾಂಕಿನ ರೌಡಿ. ನೀರಿನ ಮೇಲ್ಭಾಗದಲ್ಲೇ ಓಡಾಡುವ, ರಾತ್ರಿ ಕಲ್ಲಿನ ಸಂದಿಗೆ ಸೇರುವ ಮೀನುಗಳಿಗೆ ಅಪಾಯ ಕಡಿಮೆ. ಅಂಥ ಸಂದಿಗಳು ಅನಿಮೋನ್‌ನಿಂದ ದೂರದ ಮೂಲೆಯಲ್ಲಿರಲಿ. ಹೊಸ ಮೀನನ್ನು ಕತ್ತಲಲ್ಲಿ ಬಿಡಬೇಡಿ. ಹಗಲಲ್ಲಿ ಬಿಟ್ಟು ಟ್ಯಾಂಕ್ ಸುತ್ತಿ ನೋಡಲು ಅದಕ್ಕೆ ಸಮಯ ಕೊಡಿ.

ಕ್ಲೌನ್ ಮೀನಿಗೆ ಅನಿಮೋನ್ ಬೇಕೇ ಬೇಕು ಅಂತ ಸುಮಾರು ಜನ ನಂಬಿದ್ದಾರೆ. ಸಮುದ್ರದಲ್ಲಿ ಹೌದು, ಅದೇ ಅದರ ಮನೆ. ಟ್ಯಾಂಕಿನಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲವಲ್ಲ, ಆರಾಮಾಗಿ ಇರುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದವು ಅನಿಮೋನ್ ಪಕ್ಕದಲ್ಲಿದ್ದರೂ ತಿಂಗಳುಗಟ್ಟಲೆ ತಿರುಗಿ ನೋಡದೇ ಇರುವುದುಂಟು. ನಮ್ಮ ದೇಶದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕ್ಲೌನ್ ಮೀನು ಮರಿ ಮಾಡಿಸುವ ವಿಧಾನ ರೂಢಿಗೆ ತಂದಿದೆ. ಕೊಳ್ಳುವುದಾದರೆ ಹ್ಯಾಚರಿ ಮೀನನ್ನೇ ಕೊಳ್ಳಿ. ಅನಿಮೋನ್ ಬೇಕು ಅನಿಸಿದರೆ ಅನಿಮೋನ್ ಇಷ್ಟ ಅಂತ ತನ್ನಿ, ಮೀನಿನ ನೆಪ ಹೇಳಬೇಡಿ.

ಊಟ ವಾರಕ್ಕೆ ಒಂದೆರಡು ಸಲ ಸಾಕು. ರಸೆಲ್ ಮಾರ್ಕೆಟ್‌ನಿಂದ ತಾಜಾ ಸೀಗಡಿ ತಂದು, ಸಿಪ್ಪೆ ಸುಲಿದು, ಚೆನ್ನಾಗಿ ತೊಳೆದು, ಬಟಾಣಿ ಗಾತ್ರದ ಚೂರು ಮಾಡಿ ಫ್ರೀಜರ್‌ನಲ್ಲಿಡಿ. ಉಪ್ಪು, ಮಸಾಲೆ ಮುಟ್ಟಿದ್ದು ಬೇಡ. ಉದ್ದನೆ ಚಿಮಟದಿಂದ ಎಳೆಗೆ ಮೆಲ್ಲಗೆ ತಾಗಿಸಿದರೆ ಸಾಕು. ದೊಡ್ಡ ತುಂಡು ಕೊಟ್ಟರೆ ನುಂಗುತ್ತದೆ, ಮಾರನೇ ದಿನ ಅರೆಬರೆ ಜೀರ್ಣವಾದದ್ದನ್ನು ಹಾಗೇ ವಾಪಸ್ ಉಗುಳುತ್ತದೆ. ಹೊಟ್ಟೆ ತುಂಬಿಸಿದರೆ ಮೀನು ಹಿಡಿಯಲ್ಲ ಅಂತ ಕೆಲವರು ದಿನಾ ತಿನ್ನಿಸುತ್ತಾರೆ. ಹೊಟ್ಟೆ ತುಂಬಿದಾಗ ಕೆಲವು ಜಾತಿಗಳಲ್ಲಿ ಕುಟುಕು ಕಡಿಮೆಯಾಗಬಹುದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಮೀನು ಬಂದು ಡಿಕ್ಕಿ ಹೊಡೆದರೆ ಕುಟುಕು ಕಣ ಆಗಲೂ ಸಿಡಿಯಬಹುದು.

ನೀರಿನ ಬಗ್ಗೆ ಚಿಕ್ಕದಾಗಿ. ಬೋರ್‌ವೆಲ್ ನೀರಿಗೆ ನೇರ ಉಪ್ಪು ಬೆರೆಸಬೇಡಿ, ಕಾವೇರಿ ನೀರಿಗೂ ಬೇಡ. ಆರ್‌ಓ, ಅದರ ಮೇಲೆ ನೀರಿನಲ್ಲಿ ಉಳಿದ ಲವಣ ತೆಗೆಯುವ ಡಿಐ ಫಿಲ್ಟರ್ ಇರಲಿ. ಸಾಂದ್ರತೆ 1.025, ಉಷ್ಣತೆ 24ರಿಂದ 27 ಡಿಗ್ರಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿ ತಂಪು ಮಾಡಿದರೆ ನೀರು ಆವಿಯಾಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಿ. ಮೀನಿಗೆ ಚುಕ್ಕೆ ರೋಗ ಬಂತು ಅಂತ ತಾಮ್ರದ ಔಷಧಿಯನ್ನು ಅದೇ ಟ್ಯಾಂಕಿಗೆ ಸುರಿದರೆ ಅನಿಮೋನ್ ಸಾಯುತ್ತದೆ. ಮೀನನ್ನು ಬೇರೆ ಟಬ್ಬಿಗೆ ಹಾಕಿ ಚಿಕಿತ್ಸೆ ಮಾಡಿ.

ಕಾಲಿಲ್ಲದಿದ್ದರೂ ಅನಿಮೋನ್ ನಡೆಯುತ್ತದೆ. ಜಾಗ ಹಿಡಿಸಲಿಲ್ಲ ಅಂದರೆ ರಾತ್ರೋರಾತ್ರಿ ಗಾಜು ಹತ್ತಿ ವೇವ್ ಮೇಕರ್ ಒಳಗೆ ಸಿಕ್ಕಿಕೊಂಡು ಚೂರುಚೂರಾಗುತ್ತದೆ. ಆ ಚೂರುಗಳ ಕೊಳೆತ, ವಿಷ ಎರಡೂ ಸೇರಿ ಬೆಳಗಾಗುವುದರೊಳಗೆ ಎಲ್ಲ ಮೀನು ಮೇಲೆ ತೇಲಬಹುದು. ಪಂಪಿನ ಬಾಯಿಗೆ ಸ್ಪಂಜು ಅಥವಾ ಜಾಲರಿ ಕಟ್ಟದೆ ಅನಿಮೋನ್ ಮನೆಗೆ ತರುವುದನ್ನು ನಾನು ಒಪ್ಪುವುದೇ ಇಲ್ಲ.

ಆಗಾಗ ಅನಿಮೋನ್ ಮೈಯೊಳಗಿನ ನೀರು ಹೊರಬಿಟ್ಟು ಚಪ್ಪಟೆಯಾಗುತ್ತದೆ, ಹೆದರಬೇಡಿ, ಕೆಲವು ಗಂಟೆಗೆ ಮತ್ತೆ ಅರಳುತ್ತದೆ. ಬಾಯಿ ತೆರೆದೇ ಇದ್ದು, ಮೈ ಲೋಳೆ ಲೋಳೆಯಾಗಿ ಕಳಚಿ, ನಾತ ಬಂದರೆ ಸತ್ತಿದೆ ಅಂತ. ಆಗ ತಕ್ಷಣ ತೆಗೆದು, ನೀರು ಬದಲಿಸಿ, ನೀರಿನ ಕೊಳೆ ಹೀರುವ ಕಾರ್ಬನ್ ಹಾಕಿ. ಸಾಯುವುದಕ್ಕೆ ಅವಸರವಿರುವ ಜೀವಿ ಅಲ್ಲ ಇದು. ಸ್ಕಾಟ್ಲೆಂಡಿನಲ್ಲಿ ಜಾನ್ ಡಾಲಿಯೆಲ್ ಎಂಬಾತ 1828ರಲ್ಲಿ ಹಿಡಿದು ತಂದ ಒಂದು ಅನಿಮೋನ್ ಗಾಜಿನ ಜಾಡಿಯಲ್ಲಿ 1887ರವರೆಗೆ ಬದುಕಿತ್ತು. ಜನ ಅದನ್ನು ಅಜ್ಜಿ ಅಂತಲೇ ಕರೆಯುತ್ತಿದ್ದರು. ಜಾತಿ ಬೇರೆ, ತಣ್ಣೀರಿನದು. ಆದರೂ ನಮ್ಮ ಮನೆಗಳಲ್ಲಿ ಒಂದು ವರ್ಷಕ್ಕೇ ಸತ್ತರೆ ಅದಕ್ಕೆ ವಯಸ್ಸಾಯಿತು ಅನ್ನುವಂತಿಲ್ಲ.

ಬೇರೆಯವರಿಗೆ ಕೊಡಬೇಕಾದರೆ ಪಾದ ಎಳೆದು ಕೀಳಬೇಡಿ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಾದದ ಹತ್ತಿರ ಹಿಡಿಯಿರಿ, ತಾನೇ ಸಡಿಲ ಬಿಡುತ್ತದೆ. ಕೈಗೆ ಗ್ಲೌಸ್ ಇರಲಿ, ಕೆಲಸ ಮುಗಿಯುವವರೆಗೆ ಕಣ್ಣು ಉಜ್ಜಿಕೊಳ್ಳಬೇಡಿ.