ಎಣ್ಣೆ: ಕಾಯಿಸಿದ್ದು ಬೇರೆ, ಭಟ್ಟಿ ಇಳಿಸಿದ್ದು ಬೇರೆ

ಮೈಸೂರಿನಲ್ಲಿ ಈಗ ಯಾವ ಮೇಳಕ್ಕೆ ಹೋದರೂ ಮನೆಯಲ್ಲೇ ಮಾಡಿದ ಸೋಪು, ತಲೆಗೆಣ್ಣೆ, ಹೂವಿನ ನೀರು ಇಟ್ಟುಕೊಂಡವರ ಒಂದೆರಡು ಮೇಜು ಇದ್ದೇ ಇರುತ್ತವೆ. ಒಳ್ಳೆಯದೇ. ಆದರೆ ಬಾಟಲಿಗೆ ಅಂಟಿಸಿದ ಚೀಟಿ ಓದಿದರೆ ತಲೆ ಕೆಡುತ್ತದೆ. 'ಗುಲಾಬಿ ಅಗತ್ಯ ತೈಲ, 100 ಮಿಲಿ, 250 ರೂಪಾಯಿ.' 'ಮಲ್ಲಿಗೆ ಎಸೆನ್ಷಿಯಲ್ ಆಯಿಲ್, ಶುದ್ಧ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ್ದು.' ಇದನ್ನು ಒಂದು ಸಲ ನೋಡಿದರೆ ಸುಮ್ಮನಿರಬಹುದು. ಪ್ರತಿ ಸಲ, ಪ್ರತಿ ಮೇಜಿನ ಮೇಲೂ ನೋಡಿದರೆ ಹೇಳದೆ ಇರಲಾಗದು. ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ್ದು ಎಸೆನ್ಷಿಯಲ್ ಆಯಿಲ್ ಅಲ್ಲ. ಎಸೆನ್ಷಿಯಲ್ ಆಯಿಲ್ ಅನ್ನುವುದನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಮಾಡುವುದಿಲ್ಲ, ಹೆಚ್ಚಾಗಿ ಹಬೆ ಹಾಯಿಸಿ ಭಟ್ಟಿ ಇಳಿಸಿ ತೆಗೆಯುತ್ತಾರೆ. ಎರಡೂ ಒಳ್ಳೆಯ ವಸ್ತುಗಳೇ. ಆದರೆ ಒಂದಕ್ಕೆ ಇನ್ನೊಂದರ ಹೆಸರಿಟ್ಟರೆ ಕೊಳ್ಳುವವರಿಗೆ ಮೋಸ, ಕೆಲವು ಸಲ ಅಪಾಯ.

ಮೊದಲು 'ಅಗತ್ಯ'ವನ್ನು ಮುಗಿಸಿಬಿಡೋಣ. ಎಸೆನ್ಷಿಯಲ್ ಅಂದರೆ ಇಲ್ಲಿ ಬೇಕೇ ಬೇಕಾದದ್ದು ಅಂತ ಅಲ್ಲ. ಗಿಡದ ಎಸೆನ್ಸು, ಅಂದರೆ ಅದರ ವಾಸನೆಯ ಸಾರ, ಅಂತ. ಪತ್ರಿಕೆಗಳು ಬರೆಯುವ 'ಸಾರಭೂತ ತೈಲ' ನಾಲಿಗೆಗೆ ಭಾರವಾದರೂ ಅರ್ಥ ಸರಿಯಿದೆ. 'ಅಗತ್ಯ ತೈಲ' ಮಾತ್ರ ತಪ್ಪು. ಯಾರಿಗೂ ಅದು ಅಗತ್ಯವಿಲ್ಲ. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಅಡುಗೆ ಎಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲದಂಥ ಕೆಲವು ಕೊಬ್ಬಿನಾಮ್ಲಗಳಿವೆ. ಅವನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅವು ನಿಜಕ್ಕೂ ಅಗತ್ಯದವು, ಅವಕ್ಕೂ ಎಸೆನ್ಷಿಯಲ್ ಅನ್ನುತ್ತಾರೆ. ಗುಲಾಬಿಯ ವಾಸನೆಗೂ ಅದಕ್ಕೂ ಸಂಬಂಧವಿಲ್ಲ.

ನಿಜವಾದ ತೊಡಕು ಇರುವುದು ನಮ್ಮ 'ಎಣ್ಣೆ'ಯಲ್ಲೇ.

ಎಣ್ಣೆ ಎಂಬ ಪದವನ್ನು ಬಿಡಿಸಿದರೆ ಎಳ್ + ನೆಯ್. ಎಳ್ ಅಂದರೆ ಎಳ್ಳು. ನೆಯ್ ಅಂದರೆ ತುಪ್ಪ, ಜಿಡ್ಡು. ಎಳ್ಳಿನ ಜಿಡ್ಡು, ಅದೇ ಎಣ್ಣೆ. ತಮಿಳಿನ ಎಣ್ಣೆಯ್ ಕೂಡ ಹೀಗೇ ಆದದ್ದು. ತೆಲುಗಿನ ನೂನೆಯ ಒಳಗೂ ಎಳ್ಳೇ ಇದೆ, ಅಲ್ಲಿ ಎಳ್ಳಿಗೆ ನುವ್ವು ಅನ್ನುತ್ತಾರೆ. ಸಂಸ್ಕೃತದಿಂದ ಬಂದ ತೈಲವೂ ಬೇರೆಯಲ್ಲ. ತಿಲದಿಂದ ಬಂದದ್ದು ತೈಲ. ಇಂಗ್ಲಿಷಿನ ಆಯಿಲ್ ಹಿಂದೆ ಹೋದರೆ ಗ್ರೀಕರ ಆಲಿವ್ ಹಣ್ಣು ಸಿಗುತ್ತದೆ. ಅವರಿಗೆ ಆಲಿವ್, ನಮಗೆ ಎಳ್ಳು. ಯಾವ ನಾಡಿನಲ್ಲಿ ಯಾವುದನ್ನು ಹಿಂಡಿದರೆ ಜಿಡ್ಡು ಬರುತ್ತಿತ್ತೋ ಆ ಹೆಸರೇ ನಿಂತಿತು. ಆಮೇಲೆ ಹೆಸರು ಎಳ್ಳನ್ನು ಬಿಟ್ಟು ಹೊರಟಿತು. ಹರಳೆಣ್ಣೆ, ಹೊಂಗೆಣ್ಣೆ, ಕೊಬ್ಬರಿ ಎಣ್ಣೆ, ಬೇವಿನೆಣ್ಣೆ ಬಂದವು. ಎಷ್ಟು ದೂರ ಹೋಯಿತೆಂದರೆ, ಎಳ್ಳಿನದ್ದೇ ಬೇಕೆಂದಾಗ ಎಳ್ಳನ್ನು ಎರಡು ಸಲ ಹೇಳಿ 'ಎಳ್ಳೆಣ್ಣೆ' ಅನ್ನಬೇಕಾಯಿತು. ಅದನ್ನೇ ಒಳ್ಳೆಣ್ಣೆ ಅಂತಲೂ ಕರೆಯುತ್ತಾರೆ.

ಇಲ್ಲಿಯವರೆಗೆ ತೊಂದರೆಯಿಲ್ಲ. ಇವೆಲ್ಲ ಜಿಡ್ಡಿನ ಎಣ್ಣೆಗಳೇ. ಬೀಜ ಹಿಂಡಿದರೆ ಬರುವಂಥವು, ಗಾಣದವು. (ಮಂಡ್ಯ ಕಡೆ ಗಾಣ ಅಂದರೆ ಮೊದಲು ನೆನಪಾಗುವುದು ಕಬ್ಬಿನ ಗಾಣ. ನಾನು ಹೇಳುತ್ತಿರುವುದು ಗಾಣಿಗರ ಗಾಣ.) ತೊಂದರೆ ಶುರುವಾಗುವುದು ಜಿಡ್ಡೇ ಇಲ್ಲದ ದ್ರವಗಳಿಗೂ ಇದೇ ಹೆಸರು ಅಂಟಿದಾಗ. ಸೀಮೆಎಣ್ಣೆ ಹಾಗೆ ಬಂತು. ನೀಲಗಿರಿ ಎಣ್ಣೆ, ಲವಂಗದೆಣ್ಣೆ, ಗಂಧದೆಣ್ಣೆ ಕೂಡ ಹಾಗೇ ಬಂದವು. ಅವು ಮುಟ್ಟಿದರೆ ಎಣ್ಣೆಯ ಹಾಗೆ ಜಾರುತ್ತವೆ, ನೀರಿನಲ್ಲಿ ಬೆರೆಯುವುದಿಲ್ಲ. ಅದಕ್ಕೆ ಎಣ್ಣೆ ಅಂದರು. ಆದರೆ ಒಳಗಿರುವುದು ಕೊಬ್ಬಲ್ಲ. ಗಾಳಿಗೆ ಹಾರಿಹೋಗುವ ವಾಸನೆಯ ವಸ್ತುಗಳು. ಒಂದು ಹನಿ ಕೊಬ್ಬರಿ ಎಣ್ಣೆಯನ್ನೂ ಒಂದು ಹನಿ ನೀಲಗಿರಿ ಎಣ್ಣೆಯನ್ನೂ ಬಿಳಿ ಕಾಗದದ ಮೇಲೆ ಹಾಕಿಡಿ. ನೀಲಗಿರಿಯದು ಸ್ವಲ್ಪ ಹೊತ್ತಿಗೆಲ್ಲ ಹಾರಿಹೋಗುತ್ತದೆ. ಕೊಬ್ಬರಿಯ ಜಿಡ್ಡು ಮರುದಿನವೂ ಹಾಗೇ ಇರುತ್ತದೆ. ಗಂಧದೆಣ್ಣೆ ಮಾತ್ರ ಭಾರದ್ದು, ನಿಧಾನಕ್ಕೆ ಹಾರುತ್ತದೆ. ಅದನ್ನು ಈ ಪರೀಕ್ಷೆಗೆ ಇಟ್ಟು ಗಡಿಬಿಡಿ ಮಾಡಬೇಡಿ.

ಗಂಧದೆಣ್ಣೆಯ ವಿಷಯ ಮೈಸೂರಿನವರಿಗೆ ಹೇಳಿಕೊಡಬೇಕಾಗಿ ಬಂದಿರುವುದೇ ಬೇಸರ. ಭಟ್ಟಿ ಇಳಿಸಿ ಎಣ್ಣೆ ತೆಗೆಯುವುದನ್ನು ಕಾರ್ಖಾನೆಯ ಮಟ್ಟದಲ್ಲಿ ಕಂಡ ಊರು ಇದು. ಮೊದಲು ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗು ಹತ್ತಿ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕೊರಡು ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಅವರ ಕಾಲದಲ್ಲಿ, 1916ರ ಹೊತ್ತಿಗೆ, ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಶುರುವಾಯಿತು. ಮರದ ಒಳತಿರುಳನ್ನು ಪುಡಿ ಮಾಡಿ, ಅದರೊಳಗೆ ಹಬೆ ಹಾಯಿಸಬೇಕು. ಹಬೆ ವಾಸನೆಯನ್ನು ಹೊತ್ತು ಮೇಲೇರುತ್ತದೆ. ತಣ್ಣಗಾದಾಗ ನೀರು ಬೇರೆ, ಎಣ್ಣೆ ಬೇರೆ. ಗಂಧಕ್ಕೆ ಈ ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಇದೇ ಎಸೆನ್ಷಿಯಲ್ ಆಯಿಲ್. ಇಂಗ್ಲಿಷ್ ಹೆಸರಿಗೆ ಕಾಯದೆ ನಮ್ಮ ಹಿರಿಯರು ಕೆಲಸ ಮಾಡಿದ್ದರು.

1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಅಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ಗಂಧದೆಣ್ಣೆಯಿಂದ ಸೋಪು ಮಾಡುತ್ತಾರೆ ಅನ್ನುವುದು. ಸೋಪಾಗುವುದು ಕೊಬ್ಬು. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಸೋಪಾಗುತ್ತದೆ, ಜೊತೆಗೆ ಗ್ಲಿಸರಿನ್ ಬರುತ್ತದೆ. ಗಂಧದೆಣ್ಣೆಗೆ ಎಷ್ಟು ಕಾಸ್ಟಿಕ್ ಸೋಡಾ ಹಾಕಿದರೂ ಸೋಪು ಹುಟ್ಟುವುದಿಲ್ಲ. ಅದು ಸೋಪಿಗೆ ವಾಸನೆ ಕೊಡುತ್ತದೆ, ಅಷ್ಟೇ. ಮನೆಯಲ್ಲಿ ಸೋಪು ಮಾಡುವವರು ಕಾಸ್ಟಿಕ್ ಸೋಡಾದ ಲೆಕ್ಕ ಹಾಕುವಾಗ ಈ ಎರಡು ಎಣ್ಣೆಗಳನ್ನು ಒಂದೇ ಸಾಲಿಗೆ ಸೇರಿಸಿದರೆ ಸೋಡಾ ಜಾಸ್ತಿಯಾಗಿ ಚರ್ಮ ಉರಿಯುವಂಥ ಸೋಪು ಸಿಗಬಹುದು.

ಈಗ ಮಲ್ಲಿಗೆ. ಶ್ರೀರಂಗಪಟ್ಟಣದ ಕಡೆಯಿಂದ, ಮೈಸೂರಿನ ಸುತ್ತಿನ ತೋಟಗಳಿಂದ ಬರುವ ಮೈಸೂರು ಮಲ್ಲಿಗೆಗೆ ಅದರದ್ದೇ ಭೌಗೋಳಿಕ ಗುರುತಿದೆ. ಅದರಿಂದ ಏನಾದರೂ ಮಾಡಬೇಕು ಅಂತ ಯಾರಿಗೂ ಅನ್ನಿಸುತ್ತದೆ. ಆದರೆ ಮಲ್ಲಿಗೆ ಬಿಸಿ ತಡೆಯುವ ಹೂವಲ್ಲ. ಹಬೆ ಹಾಯಿಸಿದರೆ ಬೆಂದ ಹೂವಿನ ವಾಸನೆ ಬರುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಹೆಕ್ಸೇನಿನಂಥ ದ್ರಾವಕದಲ್ಲಿ ಹೂವನ್ನು ತೊಳೆದು, ಬಂದ ಮೇಣದಂಥ ಮುದ್ದೆಯಿಂದ ಆಲ್ಕೋಹಾಲ್ ಬಳಸಿ ವಾಸನೆಯನ್ನು ಬೇರೆ ಮಾಡುತ್ತಾರೆ. ಅದಕ್ಕೆ ಅಬ್ಸಲ್ಯೂಟ್ ಅನ್ನುತ್ತಾರೆ. ಅಡುಗೆಮನೆಯಲ್ಲಿ ಆಗುವ ಕೆಲಸವೇ ಅಲ್ಲ. ಹಾಗಾಗಿ 'ಮನೆಯಲ್ಲೇ ಮಾಡಿದ ಮಲ್ಲಿಗೆ ಎಸೆನ್ಷಿಯಲ್ ಆಯಿಲ್' ಅನ್ನುವ ವಸ್ತು ಇಲ್ಲ.

ಹಾಗಂತ ಮಲ್ಲಿಗೆಯನ್ನು ಬಿಡಬೇಕಿಲ್ಲ. ಕಿತ್ತ ಮೇಲೂ ವಾಸನೆ ಬಿಡುತ್ತಲೇ ಇರುವ ಹೂವು ಅದು. ಈ ಗುಣವನ್ನೇ ನಂಬಿದ ಹಳೆಯ ವಿಧಾನ ಒಂದಿದೆ. ಉತ್ತರ ಪ್ರದೇಶದ ಜೌನ್‌ಪುರ, ಕನೌಜ್ ಕಡೆ ಹೆಸರಾದದ್ದು. ಸಿಪ್ಪೆ ತೆಗೆದ ಎಳ್ಳನ್ನು ಹರಡಿ, ಮೇಲೆ ಹೂವು ಹರಡಿ, ಮತ್ತೆ ಎಳ್ಳು, ಮತ್ತೆ ಹೂವು. ಬಾಡಿದ ಹೂವನ್ನು ತೆಗೆದು ಹೊಸದು ಹಾಕಬೇಕು. ಹೀಗೆ ಹಲವು ಸಲ. ಎಳ್ಳು ವಾಸನೆ ಕುಡಿದ ಮೇಲೆ ಗಾಣಕ್ಕೆ. ಒಲೆಯೇ ಬೇಡ. ಈಗ ಮರದ ಗಾಣದ ಅಂಗಡಿಗಳು ಮೈಸೂರು, ಮಂಡ್ಯ ಎರಡೂ ಕಡೆ ಇವೆ. ಇಷ್ಟೊಂದು ಮಲ್ಲಿಗೆ ಬೆಳೆಯುವ ಜಾಗದಲ್ಲಿ ಇದನ್ನು ಜಾಸ್ತಿ ಜನ ಮಾಡಬೇಕು ಅಂತ ನನಗೆ ಬಹಳ ಆಸೆ. ಸಿಗುವುದು ಎಸೆನ್ಷಿಯಲ್ ಆಯಿಲ್ ಅಲ್ಲ. ಮಲ್ಲಿಗೆ ಹಿಡಿಸಿದ ಎಳ್ಳೆಣ್ಣೆ. ಆ ಹೆಸರಿಗೇನು ಕಡಿಮೆ? ಗಾಣದವರಿಗೆ ಮಾತ್ರ ಮೊದಲೇ ಹೇಳಿಟ್ಟಿರಿ. ಹಿಂದೆ ಶೇಂಗಾ ಹಾಕಿದ ಗಾಣವನ್ನು ಒರೆಸದೆ ಎಳ್ಳು ಹಾಕಿದರೆ ಮಲ್ಲಿಗೆ ಹೋಗಿ ಶೇಂಗಾ ಉಳಿಯುತ್ತದೆ.

ಗುಲಾಬಿಯ ಲೆಕ್ಕ ಇನ್ನೂ ಸುಲಭ. ಒಂದು ಕೆಜಿ ಗುಲಾಬಿ ಎಸೆನ್ಷಿಯಲ್ ಆಯಿಲ್‌ಗೆ ಸುಮಾರು 3,000ದಿಂದ 5,000 ಕೆಜಿ ಹೂವು ಬೇಕು. ಅದೂ ವಾಸನೆಗೆಂದೇ ಬೆಳೆದ ತಳಿಯ ಹೂವು. ಅಂದರೆ 100 ಮಿಲಿಗೆ ಕಡಿಮೆ ಅಂದರೂ 250 ಕೆಜಿ. ಬಾಟಲಿಗೆ 250 ರೂಪಾಯಿ ಅಂದರೆ ಕೆಜಿ ಹೂವಿಗೆ ಒಂದು ರೂಪಾಯಿ ಬಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡವರಿಗೆ ಇದು ಆಗದ ಮಾತು ಅಂತ ಗೊತ್ತಾಗಬೇಕು, ಅಲ್ವಾ? ಬಾಟಲಿಯಲ್ಲಿರುವುದು ಎಸಳು ಹಾಕಿ ಕಾಯಿಸಿದ ಎಣ್ಣೆ ಇರಬಹುದು. ಅಥವಾ ಕೃತಕ ಸೆಂಟು ಇರಬಹುದು. ಮೂರನೆಯದು ಇರಲಾರದು.

ಗುಲಾಬಿಯಿಂದ ಮನೆಯಲ್ಲಿ ಸರಿಯಾಗಿ ಆಗುವುದು ಪನ್ನೀರು. ಅದಕ್ಕೂ ಇದೇ ಗತಿ ಬಂದಿದೆ. ಎಸಳನ್ನು ನೀರಿನಲ್ಲಿ ಕುದಿಸಿ ಸೋಸಿ, ಗುಲಾಬಿ ಬಣ್ಣದ ನೀರನ್ನು ಪನ್ನೀರು ಅನ್ನುತ್ತಾರೆ. ಅದು ಗುಲಾಬಿ ಕಷಾಯ. ಪನ್ನೀರಿನ ಪನ್ ಅಂದರೆ ಪನಿ, ಇವತ್ತಿನ ಹನಿ. ಹನಿಯಾಗಿ ಇಳಿದದ್ದೇ ಪನ್ನೀರು. ಅದಕ್ಕೆ ಬಣ್ಣವೇ ಇರುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು, ಎಸಳು ಹಾಕಿ. ನಡುವೆ ಒಂದು ಸ್ಟ್ಯಾಂಡಿನ ಮೇಲೆ ಖಾಲಿ ಬಟ್ಟಲು ಇಡಿ. ಮುಚ್ಚಳವನ್ನು ಬೋರಲಾಗಿ ಮುಚ್ಚಿ ಮೇಲೆ ಐಸು ಇಡಿ. ಸಣ್ಣ ಉರಿಯಲ್ಲಿ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಬಟ್ಟಲಲ್ಲಿ ಸಿಕ್ಕಿದ್ದಷ್ಟೇ ಪನ್ನೀರು. ಭಟ್ಟಿ ಅಂದರೆ ಸಾರಾಯಿ ನೆನಪಾಗುತ್ತದೆ ಅಂತ ಕೆಲವರು ಈ ಪದವನ್ನೇ ಬಿಡುತ್ತಾರೆ. ಬಿಡಬೇಡಿ. ನೀವು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಇರುವ ಸರಿಯಾದ ಹೆಸರು ಅದೇ.

ಇನ್ನು ಕಾಯಿಸಿದ ಎಣ್ಣೆ. ನಮ್ಮ ಮನೆಗಳಲ್ಲಿ ನಿಜಕ್ಕೂ ಆಗುವುದು ಇದು. ಒಗ್ಗರಣೆಯಲ್ಲಿ ಇಂಗು, ಕರಿಬೇವಿನ ವಾಸನೆ ಎಣ್ಣೆಗೆ ಇಳಿಯುವ ಹಾಗೆ ಸೊಪ್ಪು, ಬೇರು, ಹೂವಿನಲ್ಲಿ ಜಿಡ್ಡಿಗೆ ಕರಗುವಂಥದ್ದು ಮಾತ್ರ ಎಣ್ಣೆಗೆ ಇಳಿಯುತ್ತದೆ. 'ಮಾತ್ರ' ಅನ್ನುವುದನ್ನು ಗಮನಿಸಿ. ದಾಸವಾಳದ ಕೆಂಪು ನೀರಿಗೆ ಕರಗುವ ಬಣ್ಣ, ಎಣ್ಣೆಗೆ ಬರುವುದಿಲ್ಲ. ದಾಸವಾಳ ಕಾಯಿಸಿದ ಕೊಬ್ಬರಿ ಎಣ್ಣೆ ಕಡುಕೆಂಪಾಗಿದ್ದರೆ ಅದು ಹೆಚ್ಚಾಗಿ ರತನ್‌ಜೋತ್ ಬೇರಿನದ್ದು, ಇಲ್ಲವೇ ಬೆರೆಸಿದ ಬಣ್ಣದ್ದು. ಕರಿಬೇವು, ಗರುಗದ ಸೊಪ್ಪಿನ ಹಸಿರು ಮಾತ್ರ ಚೆನ್ನಾಗಿ ಇಳಿಯುತ್ತದೆ.

ನೀರಿಗೆ ಕರಗುವ ಗುಣವೂ ಬೇಕು ಅನ್ನುವವರಿಗಾಗಿಯೇ ಆಯುರ್ವೇದದಲ್ಲಿ ತೈಲ ಮಾಡುವ ಕ್ರಮವಿದೆ. ಸೊಪ್ಪು, ಬೇರು ಅರೆದ ಮುದ್ದೆ, ಅಂದರೆ ಕಲ್ಕ, ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯವೋ ರಸವೋ ಹದಿನಾರು ಪಾಲು. ಮೂರನ್ನೂ ಸೇರಿಸಿ ನೀರಿನಂಶ ಪೂರ್ತಿ ಹೋಗುವ ತನಕ ಸಣ್ಣ ಉರಿಯಲ್ಲಿ ಕಾಯಿಸುವುದು. ಕಲ್ಕವನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು. ಅದನ್ನು ಉರಿಗೆ ಹಿಡಿದರೆ ಚಟಚಟ ಸದ್ದು ಬರಬಾರದು. ಸದ್ದು ಬಂದರೆ ಒಳಗೆ ನೀರಿದೆ ಅಂತ. ನೀರು ಉಳಿದ ಎಣ್ಣೆಯೇ ಬೇಗ ಬೂಸಲು ಹಿಡಿಯುವುದು. ಹಸಿ ಹೂವನ್ನು ಬಾಟಲಿಗೆ ತುಂಬಿ, ಎಣ್ಣೆ ಸುರಿದು, ಬಿಸಿಲಿಗಿಟ್ಟು ಮಾರುವವರಿಗೆ ಈ ಒಂದು ಪರೀಕ್ಷೆ ಗೊತ್ತಿದ್ದರೂ ಎಷ್ಟೋ ಬಾಟಲಿ ಉಳಿಯುತ್ತಿದ್ದವು. ಬಿಸಿಲಲ್ಲೇ ಮಾಡಬೇಕು ಅಂದರೆ ಹೂವನ್ನು ಮೊದಲು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ.

ಹೆಸರು ಯಾವುದಾದರೇನು ಅನ್ನುವವರಿಗೆ ಒಂದು ಮಾತು. ಕಾಯಿಸಿದ ಎಣ್ಣೆಯನ್ನು ಅಂಗೈ ತುಂಬ ತೆಗೆದುಕೊಂಡು ತಲೆಗೆ ಹಚ್ಚುತ್ತೇವೆ. ಭಟ್ಟಿ ಇಳಿಸಿದ್ದನ್ನು ಹಾಗೆ ಹಚ್ಚಿದರೆ ಚರ್ಮ ಸುಡಬಹುದು, ದದ್ದು ಏಳಬಹುದು. ಅದನ್ನು 100 ಮಿಲಿ ಕೊಬ್ಬರಿ ಅಥವಾ ಎಳ್ಳೆಣ್ಣೆಗೆ ಒಂದು ಮಿಲಿ, ಅಂದರೆ ಸುಮಾರು 20 ಹನಿಯಷ್ಟು ಬೆರೆಸಿ ಹಚ್ಚುವುದು ವಾಡಿಕೆ. ಹಿಂಡಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಕಪ್ಪಾಗಬಹುದು, ಗುಳ್ಳೆ ಏಳಬಹುದು. ನೀಲಗಿರಿ ಎಣ್ಣೆಯನ್ನು ಚಿಕ್ಕ ಮಕ್ಕಳು ಒಂದೆರಡು ಚಮಚ ಕುಡಿದರೂ ಫಿಟ್ಸ್ ಬರುವಷ್ಟು ಅಪಾಯ. ಕರ್ಪೂರವೂ ಹಾಗೇ. ಕೂಸಿನ ಮೂಗಿನ ಹತ್ತಿರ ಎರಡನ್ನೂ ಸವರಬಾರದು. 'ಎಣ್ಣೆ ತಾನೆ' ಅಂತ ಕೈಗೆಟುಕುವ ಕಡೆ ಇಡುವುದು ಈ ಒಂದೇ ಪದದಿಂದ ಆಗುವ ಎಡವಟ್ಟು.

ಚೀಟಿ ಬರೆಯುವವರಿಗೆ ಕಷ್ಟವೇನಿಲ್ಲ. 'ದಾಸವಾಳ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ.' 'ಮಲ್ಲಿಗೆ ಹಿಡಿಸಿದ ಎಳ್ಳೆಣ್ಣೆ, ಗಾಣದ್ದು.' 'ಗುಲಾಬಿ ಪನ್ನೀರು, ಭಟ್ಟಿ ಇಳಿಸಿದ್ದು.' ಹೊರಗಿಂದ ಕೊಂಡ ಎಸೆನ್ಷಿಯಲ್ ಆಯಿಲ್ ಬೆರೆಸಿದ್ದರೆ ಯಾವುದು, ಎಷ್ಟು ಹನಿ ಅಂತ ಬರೆಯಿರಿ. ಸೆಂಟು ಹಾಕಿದ್ದರೆ ಸೆಂಟು ಅಂತಲೇ ಬರೆಯಿರಿ. ಜೊತೆಗೆ ಮಾಡಿದ ತಾರೀಕು ಹಾಕಿ. ಎಷ್ಟು ಚೆನ್ನಾಗಿ ಕಾಯಿಸಿದ ಎಣ್ಣೆಯಾದರೂ ಹಳೆಯದಾದಂತೆ ಕಮಟು ಬರುತ್ತದೆ, ಅದು ಯಾವಾಗಿನದು ಅಂತ ಕೊಂಡವರಿಗೆ ತಿಳಿಯಬೇಕು.