ಲಸಿಕೆ ಆದಮೇಲೆ ಜ್ವರ ಬಂದರೆ ಮುಚ್ಚಿಡಬೇಡಿ

ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರ ಇಮಿಗ್ರೇಷನ್ ಮೆಡಿಕಲ್ ಮಾಡುವ ಸಿವಿಲ್ ಸರ್ಜನ್ ನಾನು. ಆ ಮೆಡಿಕಲ್‌ನಲ್ಲಿ ಬೇಕಾದ ಲಸಿಕೆಗಳನ್ನೂ ಹಾಕುತ್ತೇವೆ. ಸೂಜಿಗೆ ಹೆದರುವವರು ಕಡಿಮೆ. ಆಮೇಲೆ ಏನಾದರೂ ಆದರೆ ಅದನ್ನು ನನ್ನಿಂದ ಮುಚ್ಚಿಡುವವರೇ ಜಾಸ್ತಿ. ಡಾಕ್ಟರಿಗೆ ಹೇಳಿದರೆ ಫಾರ್ಮಿನಲ್ಲಿ ಬರೆದುಬಿಡ್ತಾರೆ, ಫೈಲ್ ನಿಂತುಹೋಗುತ್ತೆ ಅನ್ನುವ ಭಯ.

ಒಮ್ಮೆ ಒಬ್ಬರು ಫೋನ್ ಮಾಡಿ, "ಡಾಕ್ಟ್ರೇ, ನಮ್ಮ ಫ್ರೆಂಡ್ ಒಬ್ಬರಿಗೆ ಮೆಡಿಕಲ್ ಆದಮೇಲೆ ಬೆರಳಿನ ಗಂಟೆಲ್ಲ ಊದಿದೆ, ಲಸಿಕೆಯಿಂದ ಹಾಗಾಗುತ್ತಾ?" ಅಂದರು. ಮಾತಾಡ್ತಾ ಹೋದಂತೆ ಆ ಫ್ರೆಂಡ್ ಅವರ ಹೆಂಡತಿಯೇ ಅಂತ ತಿಳಿಯಿತು. ಎರಡು ವಾರದ ಹಿಂದೆ ನಮ್ಮಲ್ಲೇ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿಕೊಂಡಿದ್ದರು. ಪಾಪ, ಜೀವನಪೂರ್ತಿ ಇರುವ ಕೀಲುವಾತವೇ ಶುರುವಾಯಿತು ಅಂದುಕೊಂಡು ಆಕೆ ನಿದ್ದೆಗೆಟ್ಟಿದ್ದರು. ರುಬೆಲ್ಲಾ ವಿರುದ್ಧ ಮೊದಲೇ ರಕ್ಷಣೆ ಇಲ್ಲದ ವಯಸ್ಕ ಹೆಂಗಸರಲ್ಲಿ ಎಂಎಂಆರ್ ಆದಮೇಲೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೀಲು ನೋವು ಬರಬಹುದು. ಒಂದರಿಂದ ಮೂರು ವಾರದೊಳಗೆ ಶುರುವಾಗುತ್ತದೆ. ಬಹುತೇಕರಿಗೆ ಕೆಲವು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಅಷ್ಟು ಹೇಳಿದ್ದಕ್ಕೆ ಅವರು ಕೇಳಿದ್ದು ಒಂದೇ ಮಾತು: "ಫೈಲಿಗೆ ಏನೂ ಬರೆಯಲ್ಲ ತಾನೇ?"

ಇಲ್ಲ, ಬರೆಯಲ್ಲ. ಬರೆಯಲು ಅಲ್ಲಿ ಜಾಗವೇ ಇಲ್ಲ. ಈ ಮೆಡಿಕಲ್‌ನ ವರದಿ ಬರೆಯುವ ಐ-693 ಫಾರ್ಮಿನ ಲಸಿಕೆ ಭಾಗ ಕೇಳುವುದು ಯಾವ ಲಸಿಕೆ, ಯಾವ ತಾರೀಕು, ಕೊಡದಿದ್ದರೆ ಯಾಕೆ ಅಂತ. ಆಮೇಲೆ ಮೈ ಬಿಸಿಯಾಯಿತಾ, ತೋಳು ಊದಿತಾ ಅಂತ ಯಾರೂ ಕೇಳುವುದಿಲ್ಲ. ಆರೋಗ್ಯದ ಕಾರಣಕ್ಕೆ ಅರ್ಜಿಗೆ ತೊಡಕಾಗುವುದು ಚಿಕಿತ್ಸೆ ಆಗದ ಕ್ಷಯ, ಸಿಫಿಲಿಸ್‌ನಂಥ ರೋಗ, ಮಾದಕ ವ್ಯಸನ, ಬೇಕಾದ ಲಸಿಕೆ ಇಲ್ಲದಿರುವುದು, ಇಂಥವುಗಳಿಂದ. ಲಸಿಕೆಯ ಜ್ವರ ಆ ಪಟ್ಟಿಯಲ್ಲಿಲ್ಲ. ನಿಮ್ಮ ಅರ್ಜಿಯ ಬೇರೆ ವಿಚಾರ ಲಾಯರನ್ನೇ ಕೇಳಿ, ನಾನು ವೈದ್ಯ ಮಾತ್ರ.

ಹೇಳುವುದರಿಂದ ಅನುಕೂಲವೇ ಇದೆ. ಒಂದು ಲಸಿಕೆಗೆ ತೀವ್ರ ಅಲರ್ಜಿ ಆದರೆ ಅದೇ ಲಸಿಕೆಯ ಮುಂದಿನ ಡೋಸ್ ಕೊಡಬಾರದು. ಆಗ "ವೈದ್ಯಕೀಯವಾಗಿ ಸೂಕ್ತವಲ್ಲ" ಅಂತ ನಾನೇ ಗುರುತು ಹಾಕಬಹುದು. ಅದಕ್ಕೆ ಬೇರೆ ಅರ್ಜಿ ಬೇಡ, ಶುಲ್ಕವೂ ಇಲ್ಲ. ನೀವು ಮುಚ್ಚಿಟ್ಟರೆ ಅದೇ ಲಸಿಕೆಯನ್ನು ಇನ್ನೊಬ್ಬ ಡಾಕ್ಟರ್ ಮತ್ತೆ ಚುಚ್ಚುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು, ದಿನದ ಲೆಕ್ಕ. ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ), ಫ್ಲೂ ಲಸಿಕೆ ಹಾಕಿದ ತೋಳಿನ ನೋವು, ಸುಸ್ತು ಮರುದಿನವೇ ಕಾಣುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಎಂಎಂಆರ್ ಹಾಗಲ್ಲ. ಅದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಮೈಯಲ್ಲಿ ಅದು ಬೆಳೆಯಲು ಸಮಯ ಬೇಕು. ಹಾಗಾಗಿ ಜ್ವರ, ಕೆಂಪು ಗುಳ್ಳೆ ಸಾಮಾನ್ಯವಾಗಿ 7ರಿಂದ 12ನೇ ದಿನಕ್ಕೆ ಬರುತ್ತವೆ. "ಹತ್ತು ದಿನ ಆಯ್ತಲ್ಲ, ಲಸಿಕೆದ್ದು ಇರಲಾರದು" ಅಂತ ಸುಮ್ನೆ ಬೇರೆ ಕಾರಣ ಹುಡುಕಬೇಡಿ. ಹಾಗಂತ ಎಲ್ಲ ಜ್ವರವನ್ನೂ ಲಸಿಕೆಯ ತಲೆಗೆ ಕಟ್ಟಲೂಬೇಡಿ. ಸೀತಾಳೆ ಸಿಡುಬಿನ ಲಸಿಕೆಯ ಗುಳ್ಳೆ ಮೂರು ವಾರದವರೆಗೂ ಏಳಬಹುದು. ಎದ್ದರೆ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಿ. ಆ ರೋಗ ಬಾರದ, ಲಸಿಕೆಯೂ ಆಗದ ಗರ್ಭಿಣಿಯರಿಂದ, ರೋಗನಿರೋಧಕ ಶಕ್ತಿ ಕುಗ್ಗಿದವರಿಂದ ಸ್ವಲ್ಪ ದೂರ ಇರಿ.

ಗರ್ಭಿಣಿಯಾಗಿರಬಹುದು ಅಂತ ಸಣ್ಣ ಅನುಮಾನ ಇದ್ದರೂ ಎಂಎಂಆರ್, ಸೀತಾಳೆ ಸಿಡುಬು ಈ ಎರಡು ಲಸಿಕೆಗೆ ಮೊದಲೇ ಹೇಳಿ. ನಾಚಿಕೆ ಬೇಡ. ಆಗಲೂ ಫಾರ್ಮಿನಲ್ಲಿ "ವೈದ್ಯಕೀಯವಾಗಿ ಸೂಕ್ತವಲ್ಲ" ಅನ್ನುವ ಅದೇ ಗುರುತು ಸಾಕು.

ಉಸಿರು ಕಟ್ಟಿದರೆ, ಮುಖ ಊದಿದರೆ ನಮಗಲ್ಲ, 911ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಕ್ಲಿನಿಕ್ಕಿಗೆ ಮಾಡಿ, ಲಸಿಕೆ ಹಾಕಿದ ತಾರೀಕನ್ನೂ ತೊಂದರೆ ಶುರುವಾದ ದಿನವನ್ನೂ ಹೇಳಿ. ಬೇಕಿದ್ದರೆ ಲಸಿಕೆಯ ಅಡ್ಡಪರಿಣಾಮ ದಾಖಲಿಸುವ ವೇರ್ಸ್ (VAERS) ವ್ಯವಸ್ಥೆಗೆ ನೀವೇ ವರದಿ ಮಾಡಬಹುದು. ಅದನ್ನು ನಡೆಸುವುದು ಅಮೆರಿಕದ ಆರೋಗ್ಯ ಸಂಸ್ಥೆಗಳಾದ ಸಿಡಿಸಿ ಮತ್ತು ಎಫ್‌ಡಿಎ, ಇಮಿಗ್ರೇಷನ್ ಇಲಾಖೆಯಲ್ಲ.