ಬೇಡದ ಮೀನಿನ ಹೊಟ್ಟೆಯೊಳಗೆ

1376ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಂದು ದೂರು ಹೋಯಿತು. 'ವಂಡರ್‌ಚೂಮ್' ಎಂಬ ಎಳೆಬಲೆ ಬಂದಿದೆ, ಅದರ ಕಣ್ಣು ತೀರಾ ಸಣ್ಣದು, ಮರಿಮೀನು ಕೂಡ ತಪ್ಪಿಸಿಕೊಳ್ಳುವ ಹಾಗಿಲ್ಲ. ಸಿಕ್ಕ ಸಣ್ಣ ಮೀನನ್ನೆಲ್ಲ ಏನು ಮಾಡಬೇಕೆಂದು ತೋಚದೆ ಹಂದಿಗೆ ಹಾಕುತ್ತಿದ್ದಾರೆ. ಇದು ದೂರಿನ ತಿರುಳು. ಬೈಕ್ಯಾಚ್, ಅಂದರೆ ಒಂದಕ್ಕೆ ಬಲೆ ಹಾಕಿದಾಗ ಜೊತೆಗೆ ಬಂದು ಬೀಳುವ ಇನ್ನೊಂದು, ಅಷ್ಟು ಹಳೆಯ ತಕರಾರು.

ಅಂಥ ಮೀನು ಏನು ತಿಂದಿತ್ತು ಎಂದು ಲೆಕ್ಕ ಇಟ್ಟು ನೋಡುವ ಕೆಲಸ ಶುರುವಾಗಿದ್ದು ಮಾತ್ರ ಬಹಳ ತಡವಾಗಿ. ಮೀನಿನ ಹೊಟ್ಟೆಯ ರಚನೆಯ ಬಗ್ಗೆ ಕುತೂಹಲ ಮೊದಲಿನಿಂದಲೂ ಇತ್ತು. ಮೀನಿನ ಜಠರ ಮುಗಿದು ಕರುಳು ಶುರುವಾಗುವಲ್ಲಿ ಬೆರಳಿನಂಥ ಕುರುಡು ಚೀಲಗಳಿರುತ್ತವೆ (ಒಂದು ತುದಿ ಮುಚ್ಚಿದವು) ಎಂದು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿದ್ದ. ಮಲೆಟ್ ಮೀನಿನ ಜಠರ ಹಕ್ಕಿಯದ್ದರಂತೆ ದಪ್ಪ ಮಾಂಸದ್ದು ಎಂದೂ ಗಮನಿಸಿದ್ದ. ಅವನು ಕಂಡದ್ದು ಸರಿ. ಮಲೆಟ್ ಕೆಸರು ಬಾಚಿ ತಿನ್ನುತ್ತದೆ. ನುಂಗಿದ ಮರಳೇ ಆ ದಪ್ಪ ಜಠರದೊಳಗೆ ಪಾಚಿಯನ್ನು ಅರೆಯುತ್ತದೆ. ಅದರ ಕರುಳೂ ಮೈಯುದ್ದಕ್ಕಿಂತ ಎಷ್ಟೋ ಪಟ್ಟು ಉದ್ದ, ಸುರುಳಿ ಸುರುಳಿಯಾಗಿ ಮಡಚಿಕೊಂಡಿರುತ್ತದೆ.

ಪಕ್ಕದಲ್ಲೇ ಒಂದು ಲಿಜರ್ಡ್‌ಫಿಶ್ ಸೀಳಿ ನೋಡಿ. ಬಾಯಿ ತುಂಬ ಸೂಜಿಹಲ್ಲು, ನಾಲಿಗೆಯ ಮೇಲೂ ಹಲ್ಲು. ಜಠರ ಉದ್ದದ ಚೀಲ, ಗೋಡೆ ಹಿಗ್ಗುವಂಥದ್ದು. ಒಳಗೆ ಇಡೀ ಮೀನೊಂದು ಸಿಗಬಹುದು, ಅರ್ಧ ಕರಗಿ, ಬೆನ್ನುಮೂಳೆ ಕಾಣುತ್ತಾ. ಕರುಳು ಗಿಡ್ಡ, ಹೆಚ್ಚುಕಡಿಮೆ ನೆಟ್ಟಗೆ. ಮಾಂಸ ಬೇಗ ಜೀರ್ಣವಾಗುತ್ತದೆ, ಉದ್ದ ಕರುಳು ಯಾಕೆ ಬೇಕು ಅಲ್ವಾ? ಶಾರ್ಕ್ ಮತ್ತು ತೊರಕೆಗಳದ್ದು (ಚಪ್ಪಟೆ ಮೈಯ ರೇ ಮೀನುಗಳು) ಬೇರೆ ಉಪಾಯ. ಅವುಗಳ ಗಿಡ್ಡ ಕರುಳಿನೊಳಗೆ ಸುತ್ತುಮೆಟ್ಟಿಲಿನಂಥ ಮಡಿಕೆ ಇದೆ, ಆಹಾರ ಸುತ್ತಿ ಸುತ್ತಿ ಇಳಿಯಬೇಕು. ಕಾಡ್ ಮೀನಿಗೆ ಕುರುಡು ಚೀಲಗಳು ನೂರಾರು, ಚಪ್ಪಟೆ ಮೀನುಗಳಿಗೆ ಬೆರಳೆಣಿಕೆ. ರಾಸ್, ಪ್ಯಾರಟ್‌ಫಿಶ್‌ಗಳಿಗೆ ಜಠರವೇ ಇಲ್ಲ, ಆಹಾರ ಗಂಟಲಿನ ಹಲ್ಲಲ್ಲಿ ಪುಡಿಯಾಗಿ ಸೀದಾ ಕರುಳಿಗೆ. ಪಫರ್ ಮೀನಿನ ಜಠರ ನೀರು ಕುಡಿದು ಊದಿಕೊಳ್ಳಲಿಕ್ಕೆ ಮಾತ್ರ, ಜೀರ್ಣಿಸುವ ಕೆಲಸ ಬಿಟ್ಟೇಬಿಟ್ಟಿದೆ. ಒಂದೇ ಬಲೆಯ ರಾಶಿಯಲ್ಲಿ ಇಷ್ಟೆಲ್ಲ ಬಗೆ ಸಿಗುತ್ತದೆ. ಮಾರುಕಟ್ಟೆಗೆ ಹೋಗುವ ಒಂದೆರಡು ಜಾತಿಯನ್ನಷ್ಟೇ ನೋಡಿದರೆ ಇದು ಕಾಣುವುದಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ನೋಟ ಎಣಿಕೆಗೆ ತಿರುಗಿತು. 1924ರಲ್ಲಿ ಬ್ರಿಟನ್ನಿನ ಕಡಲಜೀವಿ ವಿಜ್ಞಾನಿ ಅಲಿಸ್ಟರ್ ಹಾರ್ಡಿ ಹೆರಿಂಗ್ ಮೀನು ಮರಿಯಿಂದ ದೊಡ್ಡದಾಗುವವರೆಗೆ ಏನೇನು ತಿನ್ನುತ್ತದೆ ಎಂದು ಬಲೆಯಂಥ ಚಿತ್ರ ಬಿಡಿಸಿದರು. ಆಮೇಲೆ ಬಂದ ಜಗಳ ಅಳತೆಯದ್ದು. ತುಂಡುಗಳನ್ನು ಎಣಿಸಬೇಕೋ, ತೂಗಬೇಕೋ? ಎಣಿಸಿದರೆ ನೂರು ಪುಟ್ಟ ಸೀಗಡಿ ಒಂದು ದೊಡ್ಡ ಮೀನನ್ನು ಮುಚ್ಚಿಹಾಕುತ್ತದೆ. ತೂಗಿದರೆ ಆ ಒಂದೇ ಮೀನು ಎಲ್ಲವನ್ನೂ ನುಂಗುತ್ತದೆ. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಂಕಸ್ ಮತ್ತು ಜೊತೆಗಾರರು ಸಂಖ್ಯೆ ಮತ್ತು ಗಾತ್ರದ ಶೇಕಡಾವಾರನ್ನು ಕೂಡಿಸಿ, ಎಷ್ಟು ಹೊಟ್ಟೆಗಳಲ್ಲಿ ಸಿಕ್ಕಿತು ಎಂಬುದರಿಂದ ಗುಣಿಸುವ ಸೂತ್ರ ಕೊಟ್ಟರು. ಜಗಳ ಮುಗಿಯಲಿಲ್ಲ, ಆದರೆ ಈಗಲೂ ಆ ಸೂತ್ರ ಬಳಕೆಯಲ್ಲಿದೆ.

ನಿಜವಾದ ತಿರುವು 1981ರದ್ದು. ಉತ್ತರ ಸಮುದ್ರದ ಸುತ್ತಲ ದೇಶಗಳು ಐಸಿಇಎಸ್ ಎಂಬ ಅಂತರರಾಷ್ಟ್ರೀಯ ಸಮುದ್ರ ಅಧ್ಯಯನ ಮಂಡಳಿಯ ಅಡಿಯಲ್ಲಿ 'ಹೊಟ್ಟೆಯ ವರ್ಷ' ನಡೆಸಿದವು. ಕಾಡ್, ವೈಟಿಂಗ್, ಬಂಗುಡೆ ಇತ್ಯಾದಿಗಳ ಸಾವಿರಾರು ಜಠರ ಕೊಯ್ದರು. ಅಲ್ಲಿಯವರೆಗೆ ಬಲೆಗೆ ಬೀಳದೆ ಸಾಯುವ ಮೀನಿಗೆ ಸುಮ್ನೆ 0.2 ಎಂಬ ದರ ಇಟ್ಟುಕೊಳ್ಳುವ ರೂಢಿ ಇತ್ತು. ಅದು ಉಳಿದ ಮೀನಿನ ಮೇಲೆ ಸತತವಾಗಿ ಅನ್ವಯಿಸುವ ದರ, ಹಾಗಾಗಿ ವರ್ಷಕ್ಕೆ ನೂರಕ್ಕೆ 20 ಅಲ್ಲ, ಸುಮಾರು 18. ಮರಿಮೀನುಗಳ ಮಟ್ಟಿಗೆ ಅದು ತೀರಾ ಕಡಿಮೆ ಎಂದು ಹೊಟ್ಟೆಗಳು ತೋರಿಸಿದವು. ಮೀನನ್ನು ಮೀನೇ ತಿನ್ನುವ ಪ್ರಮಾಣ ಅಷ್ಟು ಜಾಸ್ತಿ. ಒಂದು ಜಾತಿಯನ್ನು ಹಿಡಿಯುವುದರಿಂದ ಇನ್ನೊಂದರ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆಮೇಲೆ ತಳ್ಳಿಹಾಕಲು ಆಗಲಿಲ್ಲ.

ಹೀಗೆ ನೋಡಿದರೆ ಬೇಡದ ಮೀನಿನ ರಾಶಿಯೇ ದೊಡ್ಡ ಕಡತ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಮೀನು ವಾಪಸ್ ಸಮುದ್ರಕ್ಕೆ ಎಸೆಯಲ್ಪಡುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ಅಂದಾಜು. ಅದರಲ್ಲಿ ಎಳೆಬಲೆಗಳದ್ದೇ ದೊಡ್ಡ ಪಾಲು. ತಳದಲ್ಲಿ ಹುಳ ಹೆಕ್ಕುವ ಮೀನು, ಚಿಪ್ಪು ಒಡೆಯುವ ಮೀನು, ನೀರು ಸೋಸಿ ತಿನ್ನುವ ಮೀನು, ಎಲ್ಲವೂ ಅಲ್ಲಿ ಒಟ್ಟಿಗೆ. ಎಸೆಯುವ ಮೊದಲು ಅವನ್ನು ಕೊಯ್ದು ನೋಡುವವರು ಬಹಳ ಕಡಿಮೆ ಎಂಬುದು ನನಗೆ ಬೇಸರದ ವಿಷಯ.

ಆದರೆ ಈ ಕಡತವನ್ನು ಬಲೆಯೇ ಕೆಡಿಸುತ್ತದೆ. ಆಳದಿಂದ ಮೇಲೆಳೆದಾಗ ಗಾಳಿಚೀಲ ಉಬ್ಬಿ ಜಠರ ಬಾಯಿಯಿಂದ ಹೊರಗೆ ತಿರುಗಿಬಿಡುತ್ತದೆ, ತಿಂದದ್ದೆಲ್ಲ ಹೊರಗೆ. ಅಂಥ ಖಾಲಿ ಹೊಟ್ಟೆಯನ್ನು ಹಸಿದ ಹೊಟ್ಟೆ ಎಂದು ಬರೆದುಕೊಂಡರೆ ಲೆಕ್ಕ ಸುಳ್ಳಾಗುತ್ತದೆ. ಇನ್ನೊಂದು ಕಡೆ, ಬಲೆಯೊಳಗೆ ಒತ್ತರಿಸಿಕೊಂಡ ದೊಡ್ಡ ಮೀನು ಪಕ್ಕದ ಸಣ್ಣದನ್ನು ಅಲ್ಲೇ ನುಂಗುವುದೂ ಉಂಟು. ಗಂಟಲಲ್ಲಿ ಒಂಚೂರೂ ಕರಗದ ಮೀನು ಸಿಕ್ಕರೆ ಅನುಮಾನ ಪಡಬೇಕು. ಕರಗುವ ವೇಗವೂ ಒಂದೇ ಅಲ್ಲ. ಲೋಳೆಮೀನು (ಜೆಲ್ಲಿಫಿಶ್) ಬೇಗ ಮಾಯ, ಮೀನಿನ ಕಿವಿಯೊಳಗಿನ ಗಟ್ಟಿ ಕಿವಿಕಲ್ಲು ಮತ್ತು ಬೊಂಡಾಸಿನ (ಸ್ಕ್ವಿಡ್) ಕೊಕ್ಕು ಬಹಳ ಹೊತ್ತು ಉಳಿಯುತ್ತವೆ. ಹಾಗಾಗಿ ಮೆತ್ತನೆಯ ಆಹಾರ ಪಟ್ಟಿಯಲ್ಲಿ ಯಾವಾಗಲೂ ಕಡಿಮೆ ಕಾಣುತ್ತದೆ.

ಯಾರೂ ಹುಡುಕದ್ದೂ ಸಿಕ್ಕಿತು. 1972ರಲ್ಲೇ ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯ ಮೀನುಗಳಲ್ಲಿ ಪಾಲಿಸ್ಟೈರೀನ್ ಗುಂಡುಗಳು ಕಂಡಿದ್ದವು. ಮೈಕ್ರೋಪ್ಲಾಸ್ಟಿಕ್ ಎಂಬ ಮಾತು ಬಾಯಿಗೆ ಬರಲು ಆಮೇಲೆ ದಶಕಗಳೇ ಬೇಕಾದವು.

ಬಲೆಯ ತೊಂದರೆ ತಪ್ಪಿಸಲು ಎರಡು ದಾರಿ ಬಂದಿವೆ. ಮಾಂಸದಲ್ಲಿರುವ ಸಾರಜನಕ-15ರ, ಅಂದರೆ ಸಾರಜನಕದ ತುಸು ಭಾರದ ರೂಪದ, ಪ್ರಮಾಣ ಆಹಾರ ಸರಪಳಿಯ ಪ್ರತಿ ಮೆಟ್ಟಿಲಿಗೂ ಸಾವಿರಕ್ಕೆ ಸುಮಾರು 3.4ರಷ್ಟು ಏರುತ್ತದೆ. ಹೊಟ್ಟೆ ಖಾಲಿಯಿದ್ದರೂ ತಿಂಗಳುಗಟ್ಟಲೆಯ ಊಟದ ಸುಳಿವು ಸಿಗುತ್ತದೆ, ಆದರೆ ಯಾವ ಜಾತಿ ಎಂದು ಗೊತ್ತಾಗುವುದಿಲ್ಲ. ಡಿಎನ್ಎ ಜಾತಿ ಹೇಳುತ್ತದೆ, ಕರಗಿ ಗಂಜಿಯಾದ ಲೋಳೆಮೀನನ್ನೂ ಬಿಡುವುದಿಲ್ಲ. ಆದರೆ ತಿಂದದ್ದು ಮರಿಯೋ ದೊಡ್ಡದೋ ಎಂದು ಹೇಳದು. ಬೇಟೆಯಾದ ಮೀನಿನ ಹೊಟ್ಟೆಯಲ್ಲಿದ್ದ ಸೀಗಡಿಯನ್ನೂ ಅದನ್ನು ನುಂಗಿದವನ ಲೆಕ್ಕಕ್ಕೇ ಬರೆದುಬಿಡುತ್ತದೆ. ಕಿವಿಕಲ್ಲಿನ ಅಳತೆಯಿಂದ ಆ ಮೀನು ಎಷ್ಟು ದೊಡ್ಡದಿತ್ತು ಎಂದು ಅಂದಾಜಿಸಬಹುದು. ಅದಕ್ಕೆ ಡಿಎನ್ಎ ಮಾಡುವ ಲ್ಯಾಬುಗಳಲ್ಲೂ ಮೊದಲು ಹೊಟ್ಟೆ ಕೊಯ್ದು, ಕಿವಿಕಲ್ಲು ಹೆಕ್ಕಿ ಅಳೆದು ಇಡುವ ಕೆಲಸ ಇನ್ನೂ ನಡೆದಿದೆ.